ಅಯಾನುಗಳ ಸೆಳೆತ
(ಶಾಲಾ ವಿಜ್ಞಾನ ಸಂಘದ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ರಸಾಯನಶಾಸ್ತ್ರವೆಂದರೆ ಬರಿಯ ಬಾಯಿಪಾಠವೆಂಬ ಭಾವನೆ ಮಕ್ಕಳಲ್ಲಿಯೂ ಹಿರಿಯರಲ್ಲಿಯೂ ಬೇರೂರಿದೆ. ಯಾವ ಲವಣ ನೀರಿನಲ್ಲಿ ಕರಗುತ್ತದೆ, ಯಾವುದು ಕರಗದು, ಯಾವುದು ಕಾಸಿದರೆ ಒಡೆಯುತ್ತದೆ ಎಂಬುದನ್ನೆಲ್ಲ ಪಟ್ಟಿ ಮಾಡಿ ಉರುಹೊಡೆದರೆ ಸಾಕೆಂದು ಅನೇಕರು ನಂಬಿರುವರು. ಆ ಪಟ್ಟಿಯ ಹಿಂದೆ ಒಂದು ಕಾರಣವಿದೆ. ಅದನ್ನು ಅರಿತವನಿಗೆ ಪಟ್ಟಿಯ ಹೊರೆ ಬಹುಮಟ್ಟಿಗೆ ಇಳಿಯುವುದು. ಆ ಕಾರಣದ ಹೆಸರು ಅಯಾನುಗಳ ಧ್ರುವೀಕರಣ ಶಕ್ತಿ.

ಪರಮಾಣುವು ಎಲೆಕ್ಟ್ರಾನನ್ನು ಕಳೆದುಕೊಂಡರೆ ಧನ ಅಯಾನು, ಪಡೆದುಕೊಂಡರೆ ಋಣ ಅಯಾನು ಆಗುವುದೆಂದು ಮೇಲಿನ ತರಗತಿಯ ವಿದ್ಯಾರ್ಥಿಗಳು ಬಲ್ಲರು. ಇವೆರಡೂ ಒಂದನ್ನೊಂದು ಸೆಳೆದು ಲವಣಗಳಾಗುತ್ತವೆ. ಋಣ ಅಯಾನನ್ನು ಗಾಜಿನ ಗೋಲಿಯಂತೆ ಗಟ್ಟಿಯೆಂದು ತಿಳಿಯಬಾರದು. ಅದರಲ್ಲಿ ಎಲೆಕ್ಟ್ರಾನುಗಳು ಮೋಡದಂತೆ ಕವಿದಿರುತ್ತವೆ. ಧನ ಅಯಾನು ಹತ್ತಿರ ಬಂದಾಗ ಆ ಮೋಡ ಅದರ ಕಡೆಗೆ ವಾಲುತ್ತದೆ. ಹೀಗೆ ವಾಲಿಸುವ ಸಾಮರ್ಥ್ಯವೇ ಧ್ರುವೀಕರಣ ಶಕ್ತಿ. ವಾಲುವಿಕೆ ಹೆಚ್ಚಿದಂತೆ ಎಲೆಕ್ಟ್ರಾನುಗಳು ಎರಡಕ್ಕೂ ಸೇರಿದ ಸೊತ್ತಾಗುತ್ತವೆ. ಅಯಾನಿಕ ಬಂಧವು ಸಹವೇಲೆನ್ಸಿಯ ಬಂಧದತ್ತ ಸರಿಯುತ್ತದೆ.

ವಾರ್ಸಾ ನಗರದಲ್ಲಿ 1887ರಲ್ಲಿ ಜನಿಸಿದ ಕಾಸಿಮಿರ್ ಫಾಯನ್ಸ್ ಎಂಬ ವಿಜ್ಞಾನಿ 1923ರಲ್ಲಿ ಇದರ ನಿಯಮಗಳನ್ನು ತಿಳಿಸಿದರು. ಧನ ಅಯಾನು ಚಿಕ್ಕದಾದಷ್ಟೂ, ಅದರ ವಿದ್ಯುದಂಶ ಹೆಚ್ಚಿದಷ್ಟೂ ಸೆಳೆತ ಬಲವಾಗುತ್ತದೆ. ಋಣ ಅಯಾನು ದೊಡ್ಡದಾದಷ್ಟೂ ಸುಲಭವಾಗಿ ವಾಲುತ್ತದೆ. ಹಸಿ ಅಡಕೆಯನ್ನು ಬೆರಳಿನಿಂದ ಒತ್ತಿದರೆ ತಗ್ಗು ಬೀಳದು; ಮಾಗಿದ ಪಪ್ಪಾಯಿಗೆ ಬೀಳುವುದು. ಪುಟ್ಟ ಫ್ಲೋರೈಡು ಅಡಕೆಯಂತೆ, ದೊಡ್ಡ ಅಯೋಡೈಡು ಪಪ್ಪಾಯಿಯಂತೆ.

ಈಗ ಆವರ್ತ ಕೋಷ್ಟಕವನ್ನು ನೋಡಿರಿ. ಒಂದು ಸಾಲಿನಲ್ಲಿ ಎಡದಿಂದ ಬಲಕ್ಕೆ ಸೋಡಿಯಂ, ಮೆಗ್ನೀಸಿಯಂ, ಅಲ್ಯೂಮಿನಿಯಂ ಅಯಾನುಗಳ ತ್ರಿಜ್ಯ ಕ್ರಮವಾಗಿ ಸುಮಾರು 102, 72, 54 ಪಿಕೊಮೀಟರ್. ಮೀಟರನ್ನು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಪಿಕೊಮೀಟರ್. ಗಾತ್ರ ಕುಗ್ಗುತ್ತದೆ, ವಿದ್ಯುದಂಶ 1, 2, 3 ಎಂದು ಏರುತ್ತದೆ. ಆದ್ದರಿಂದ ಸೆಳೆತವೂ ಏರುತ್ತದೆ. ಅಡುಗೆಯ ಉಪ್ಪು 801 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಮೆಗ್ನೀಸಿಯಂ ಕ್ಲೋರೈಡು 714 ಡಿಗ್ರಿಯಲ್ಲಿ ಕರಗುತ್ತವೆ. ನೀರಿನಂಶವಿಲ್ಲದ ಅಲ್ಯೂಮಿನಿಯಂ ಕ್ಲೋರೈಡಾದರೋ ಸುಮಾರು 180 ಡಿಗ್ರಿಯಲ್ಲಿಯೇ ಆವಿಯಾಗಿ ಹೋಗುತ್ತದೆ. ಗುಂಪಿನಲ್ಲಿ ಮೇಲಿನಿಂದ ಕೆಳಕ್ಕೆ ಇಳಿದರೆ ಲಿಥಿಯಂ 76, ಸೋಡಿಯಂ 102, ಪೊಟಾಸಿಯಂ 138 ಎಂದು ಗಾತ್ರ ಬೆಳೆಯುತ್ತದೆ, ಸೆಳೆತ ಕುಂದುತ್ತದೆ. ಬಲಕ್ಕೆ ಏರಿಕೆ, ಕೆಳಕ್ಕೆ ಇಳಿಕೆ ಎಂದಾದ ಮೇಲೆ ಓರೆಯಾಗಿ ನಿಂತವರು ಸಮಾನರಾಗುವುದು ಸಹಜ. ಲಿಥಿಯಂ ತನ್ನ ಗುಂಪಿನ ಸೋಡಿಯಮ್ಮಿಗಿಂತ ಓರೆಯ ನೆರೆಯಾದ ಮೆಗ್ನೀಸಿಯಮ್ಮನ್ನು ಹಲವು ಗುಣಗಳಲ್ಲಿ ಹೋಲುವುದು ಇದರಿಂದಲೇ.

ನಮ್ಮ ಕರಾವಳಿಯಲ್ಲಿ ಕಪ್ಪೆಚಿಪ್ಪನ್ನು ಸುಟ್ಟು ಸುಣ್ಣ ಮಾಡುವುದನ್ನು ನೀವು ಬಲ್ಲಿರಿ. ಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬನೇಟು. ಅದು ಒಡೆದು ಇಂಗಾಲದ ಡೈಆಕ್ಸೈಡು ಹೊರಡಲು ಸುಮಾರು 900 ಡಿಗ್ರಿಯ ಕಾವು ಬೇಕು. ಮೆಗ್ನೀಸಿಯಂ ಕಾರ್ಬನೇಟಿಗೆ ಅದಕ್ಕಿಂತ ಬಹಳ ಕಡಿಮೆ ಸಾಕು. ಬೇರಿಯಂ ಕಾರ್ಬನೇಟಿಗೆ ಬಹಳ ಹೆಚ್ಚು ಬೇಕು. ಮೂರರ ವಿದ್ಯುದಂಶವೂ ಒಂದೇ. ಪುಟ್ಟ ಮೆಗ್ನೀಸಿಯಂ ಕಾರ್ಬನೇಟಿನ ಮೋಡವನ್ನು ಬಲವಾಗಿ ಎಳೆದು ಅದರೊಳಗಿನ ಬಂಧವನ್ನು ಸಡಿಲಿಸುತ್ತದೆ. ದೊಡ್ಡ ಬೇರಿಯಂ ಹಾಗೆ ಮಾಡಲಾರದು. ಆಕ್ಸೈಡಿನಲ್ಲಿ ಪುಟ್ಟ ಅಯಾನು ಬಿಗಿಯಾಗಿ ಕೂಡುವುದೂ ಇದಕ್ಕೆ ನೆರವಾಗುವುದು.

ಗಾತ್ರ, ವಿದ್ಯುದಂಶಗಳಿಂದಲೇ ಎಲ್ಲವೂ ತೀರ್ಮಾನವಾಗದು. ಬೆಳ್ಳಿಯ ಅಯಾನು ಗಾತ್ರದಲ್ಲಿ ಸೋಡಿಯಂ, ಪೊಟಾಸಿಯಂಗಳ ನಡುವಿನದು, ವಿದ್ಯುದಂಶವೂ 1. ಆದರೂ ಉಪ್ಪು ನೀರಿನಲ್ಲಿ ಕರಗುತ್ತದೆ, ಬೆಳ್ಳಿಯ ಕ್ಲೋರೈಡು ಬಿಳಿಯ ಗಸಿಯಾಗಿ ತಳಕ್ಕಿಳಿಯುತ್ತದೆ. ಬೆಳ್ಳಿಯ ಹೊರಕವಚದಲ್ಲಿ 18 ಎಲೆಕ್ಟ್ರಾನುಗಳಿವೆ. ಅವು ಬೀಜಕೇಂದ್ರದ ಸೆಳೆತವನ್ನು ಸೋಡಿಯಮ್ಮಿನ 8 ಎಲೆಕ್ಟ್ರಾನುಗಳಷ್ಟು ಚೆನ್ನಾಗಿ ಮರೆಮಾಡಲಾರವು. ಇದೂ ಫಾಯನ್ಸರ ನಿಯಮಗಳಲ್ಲಿ ಒಂದು. ನಿಯಮಕ್ಕೆ ಹೊಂದದ ಸಂಗತಿಯನ್ನು ಕಂಡಾಗ ವಿದ್ಯಾರ್ಥಿಯು ಪುಸ್ತಕವನ್ನು ಮುಚ್ಚಬಾರದು; ಅಲ್ಲಿಯೇ ಹೊಸ ಕಾರಣವೊಂದು ಕಾದಿರುತ್ತದೆ.

ಕೊನೆಯದಾಗಿ ತಾಯಿತಂದೆಗಳಲ್ಲಿ ಒಂದು ಬಿನ್ನಹ. ವಿಜ್ಞಾನವು ಕನ್ನಡಕ್ಕೆ ಒಗ್ಗದೆಂಬ ಶಂಕೆಯಿಂದ ಮಕ್ಕಳನ್ನು ಕನ್ನಡ ತರಗತಿಯಿಂದ ಬಿಡಿಸುವವರು ಉಂಟು. ಅವರ ಚಿಂತೆ ಮಕ್ಕಳ ಏಳಿಗೆಯದೇ, ಅದನ್ನು ಹಳಿಯಲಾರೆ. ಆದರೆ ಅಯಾನು, ಎಲೆಕ್ಟ್ರಾನು ಎಂಬ ಹೆಸರುಗಳನ್ನು ಯಾವ ಭಾಷೆಯವರೂ ಹೊಸದಾಗಿಯೇ ಕಲಿಯಬೇಕು. 'ಏಕೆ' ಎಂಬ ಪ್ರಶ್ನೆ ಮಾತ್ರ ಮಗು ಯೋಚಿಸುವ ಭಾಷೆಯಲ್ಲಿ ಹುಟ್ಟುತ್ತದೆ. ಮಗು ಮನೆಗೆ ಬಂದಾಗ ಅಂಕಗಳನ್ನು ವಿಚಾರಿಸುವುದರ ಜೊತೆಗೆ, ವೀಳ್ಯದ ತಟ್ಟೆಯ ಸುಣ್ಣವನ್ನು ತೋರಿಸಿ, ಚಿಪ್ಪಿಗೆ ಅಷ್ಟು ಬೆಂಕಿ ಏಕೆ ಬೇಕಾಯಿತೆಂದು ಕೇಳಿರಿ. ಉತ್ತರ ಕನ್ನಡದಲ್ಲಿಯೇ ಬರುವುದು.