ಲೇಸರ್ ಚಿಕಿತ್ಸೆ ಅರ್ಧಕ್ಕೆ ನಿಲ್ಲದಿರಲಿ: ಸಕ್ಕರೆ ಕಾಯಿಲೆಯವರ ಕಣ್ಣು ಮತ್ತು ಗ್ರಾಮ ಪಂಚಾಯಿತಿ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಕಣ್ಣಿನ ಆಸ್ಪತ್ರೆಗೆ ಹೋಗಿ ಊರಿಗೆ ಮರಳಿದವರನ್ನು ಜಗಲಿಯ ಮೇಲೆ ಕುಳಿತವರು ಕೇಳುವ ಮೊದಲ ಪ್ರಶ್ನೆ ಒಂದೇ: “ಈಗ ಚೆನ್ನಾಗಿ ಕಾಣಿಸುತ್ತದೆಯೇ?” ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಇದಕ್ಕೆ ನಗುನಗುತ್ತ ಉತ್ತರಿಸುತ್ತಾರೆ. ಸಕ್ಕರೆ ಕಾಯಿಲೆಯಿಂದ ಕೆಟ್ಟ ಕಣ್ಣಿಗೆ ಲೇಸರ್ ಮಾಡಿಸಿಕೊಂಡು ಬಂದವರಿಗೆ ಉತ್ತರ ಹೇಳುವುದು ಕಷ್ಟ. ಅವರಿಗೆ ಮೊದಲು ಎಷ್ಟು ಕಾಣುತ್ತಿತ್ತೋ ಸಾಮಾನ್ಯವಾಗಿ ಅಷ್ಟೇ ಕಾಣುತ್ತಿರುತ್ತದೆ; ಕೆಲವು ದಿನ ತುಸು ಮಬ್ಬಾಗಿಯೂ ಇರಬಹುದು. “ಅಲೆದಾಡಿ ಏನು ಬಂತು?” ಎಂಬ ಮಾತು ಮನೆಯಲ್ಲೇ ಹುಟ್ಟುತ್ತದೆ. ಎರಡನೆಯ ಸರದಿಗೆ ವೈದ್ಯರು ಬರೆದುಕೊಟ್ಟ ದಿನ ಬಿತ್ತನೆಗೋ ಮದುವೆಗೋ ಜಾತ್ರೆಗೋ ಸಿಕ್ಕಿ ಕಳೆದುಹೋಗುತ್ತದೆ. ಹಾಗೆ ಬಿಟ್ಟವರಲ್ಲಿ ಕೆಲವರು ಮುಂದೊಂದು ದಿನ ಮಗನ ಕೈ ಹಿಡಿದು, ಮಾಸಾಶನದ ಅರ್ಜಿಯೊಂದಿಗೆ ಪಂಚಾಯಿತಿ ಕಚೇರಿಯ ಮೆಟ್ಟಿಲು ಹತ್ತುತ್ತಾರೆ.

ಲೇಸರ್ ಚಿಕಿತ್ಸೆಯ ಮುಖ್ಯ ಉದ್ದೇಶ ಇರುವ ದೃಷ್ಟಿಯನ್ನು ಉಳಿಸಿಕೊಳ್ಳುವುದು. ಕಳೆದುಹೋದುದನ್ನು ಮರಳಿ ತರುವ ಭರವಸೆ ಅದರಲ್ಲಿಲ್ಲ. ಈ ಒಂದು ವಿಷಯ ಊರಿಗೆ ಮೊದಲೇ ತಿಳಿದಿದ್ದರೆ ಎಷ್ಟೋ ಜನ ಎರಡನೆಯ ಸರದಿಗೂ ಮೂರನೆಯ ಸರದಿಗೂ ತಪ್ಪದೆ ಹೋಗುತ್ತಿದ್ದರು.

ಕಣ್ಣಿನ ಹಿಂಭಾಗದಲ್ಲಿ ಅಕ್ಷಿಪಟಲವೆಂಬ ತೆಳುವಾದ ಪರದೆಯಿದೆ. ನೋಡಿದ ವಸ್ತುವಿನ ಚಿತ್ರ ಮೂಡುವುದು ಅದರ ಮೇಲೆಯೇ. ವರ್ಷಗಟ್ಟಲೆ ರಕ್ತದಲ್ಲಿ ಸಕ್ಕರೆಯಂಶ ಹೆಚ್ಚಾಗಿದ್ದರೆ ಆ ಪರದೆಯ ಕೂದಲೆಳೆಯಂತಹ ರಕ್ತನಾಳಗಳು ದುರ್ಬಲವಾಗಿ, ಅಲ್ಲಲ್ಲಿ ಉಬ್ಬಿ ಸೋರತೊಡಗುತ್ತವೆ. ಸೋರಿಕೆ ಪರದೆಯ ನಟ್ಟನಡುವೆ ಆದರೆ ಅಲ್ಲಿ ಊತ ಬಂದು ಅಕ್ಷರ, ಮುಖ, ಸೂಜಿಯ ಕಣ್ಣು ಅಸ್ಪಷ್ಟವಾಗುತ್ತವೆ. ಕೆಲವು ನಾಳಗಳು ಮುಚ್ಚಿಯೇ ಹೋಗುತ್ತವೆ. ಆಗ ಆಮ್ಲಜನಕ ಸಾಲದ ಪರದೆಯು ಹೊಸ ನಾಳಗಳನ್ನು ಬೆಳೆಸಿಕೊಳ್ಳುತ್ತದೆ. ಅವು ಬಲವಿಲ್ಲದ ನಾಳಗಳು. ಒಡೆದು ಕಣ್ಣೊಳಗೆ ರಕ್ತ ತುಂಬಿಸುತ್ತವೆ, ಕೊನೆಗೆ ಗಾಯದ ಎಳೆಗಳು ಪರದೆಯನ್ನೇ ಎಳೆದು ಕಳಚಿಬಿಡುತ್ತವೆ. ವೈದ್ಯರು ‘ಡಯಾಬಿಟಿಕ್ ರೆಟಿನೋಪತಿ’ ಎನ್ನುವುದು ಇದಕ್ಕೇ. ಬಹುಕಾಲ ಇದರಿಂದ ನೋವಿಲ್ಲ, ಕೆಂಪಿಲ್ಲ, ನೀರು ಸುರಿಯುವುದಿಲ್ಲ. ಕಣ್ಣು ಚೆನ್ನಾಗಿ ಕಾಣುತ್ತಿರುವಾಗಲೇ ರೋಗ ಬಹಳ ಮುಂದುವರಿದಿರಬಹುದು. ಆದುದರಿಂದಲೇ ಮಧುಮೇಹಿಗಳು “ನನಗೆ ಕಣ್ಣು ಚೆನ್ನಾಗಿದೆ” ಎಂದು ಹೇಳುವುದು ಪರೀಕ್ಷೆಯನ್ನು ಬಿಡಲು ಕಾರಣವಾಗಲಾರದು.

ಕನ್ನಡಕದ ಅಂಗಡಿಯಲ್ಲಿ ಅಕ್ಷರ ಓದಿಸುವುದರಿಂದ ಈ ರೋಗ ತಿಳಿಯುವುದಿಲ್ಲ. ಪೊರೆಯನ್ನು ಗುರುತಿಸಲು ನಡೆಸುವ ಶಿಬಿರದಲ್ಲಿ ಟಾರ್ಚ್ ಬಿಟ್ಟು ನೋಡಿದ ಮಾತ್ರಕ್ಕೂ ತಿಳಿಯುವುದಿಲ್ಲ. ಕಣ್ಣಿಗೆ ಹನಿ ಹಾಕಿ, ಪಾಪೆ ಅಗಲವಾದ ಮೇಲೆ ಹಿಂಭಾಗದ ಪರದೆಯನ್ನು ನೋಡಬೇಕು, ಇಲ್ಲವೇ ವಿಶೇಷ ಕ್ಯಾಮೆರಾದಿಂದ ಅದರ ಚಿತ್ರ ತೆಗೆಯಬೇಕು. ಪಾಪೆ ಅಗಲವಾಗಲು ಸುಮಾರು ಅರ್ಧ ಗಂಟೆ ಬೇಕು. ಆನಂತರ ಕೆಲವು ಗಂಟೆ ಬಿಸಿಲು ಕಣ್ಣಿಗೆ ಚುಚ್ಚುತ್ತದೆ, ಹತ್ತಿರದ್ದು ಕಾಣದು. ಬೈಕ್ ಓಡಿಸಿಕೊಂಡು ಒಬ್ಬರೇ ಹೋಗುವ ಕೆಲಸ ಇದಲ್ಲ. ವಯಸ್ಕರಲ್ಲಿ ಸಾಮಾನ್ಯವಾಗಿ ಕಾಣುವ ಮಧುಮೇಹಕ್ಕೆ ಕಾಯಿಲೆ ಪತ್ತೆಯಾದಾಗಲೇ ಒಮ್ಮೆ, ಬಳಿಕ ಪ್ರತಿ ವರ್ಷ ಈ ಪರೀಕ್ಷೆ ಆಗಬೇಕು. ಮೊದಲೇ ಮಧುಮೇಹವಿದ್ದ ಮಹಿಳೆ ಗರ್ಭಿಣಿಯಾದರೆ ಮೊದಲ ಮೂರು ತಿಂಗಳಲ್ಲೇ ಮಾಡಿಸಬೇಕು. ಕಣ್ಣ ಮುಂದೆ ಏಕಾಏಕಿ ಕಪ್ಪು ಎಳೆಗಳು ತೇಲಿದರೆ, ಮಸಿ ಚೆಲ್ಲಿದಂತಾದರೆ, ಪರದೆ ಇಳಿಬಿಟ್ಟಂತಾದರೆ ವರ್ಷದ ಲೆಕ್ಕ ನೋಡದೆ ಅಂದೇ ಆಸ್ಪತ್ರೆಗೆ ಹೊರಡಬೇಕು.

ಇನ್ನು ಲೇಸರ್ ಚಿಕಿತ್ಸೆ. ಹೆಸರು ಕೇಳಿದರೇ ಹೆದರುವವರಿದ್ದಾರೆ; ಕಣ್ಣನ್ನು ಹೊರಗೆ ತೆಗೆದು ಸುಡುತ್ತಾರೆ ಎಂದು ನಂಬಿದವರೂ ಉಂಟು. ನಡೆಯುವುದು ಇಷ್ಟೇ. ರೋಗಿಯು ಯಂತ್ರದ ಮುಂದೆ ಕುಳಿತು ಗಲ್ಲವನ್ನು ಅದರ ಆಸರೆಯ ಮೇಲಿಡುತ್ತಾನೆ. ಮರಗಟ್ಟಿಸುವ ಹನಿ ಹಾಕಿ, ಕಣ್ಣಿಗೆ ಒಂದು ಮಸೂರವನ್ನು ತಾಗಿಸಿ ಹಿಡಿಯುತ್ತಾರೆ. ಹಸಿರು ಬೆಳಕು ಮಿಂಚಿ ಮಿಂಚಿ ಮರೆಯಾಗುತ್ತದೆ. ಒಂದೊಂದು ಮಿಂಚೂ ಸೆಕೆಂಡಿನ ಹತ್ತನೆಯ ಒಂದು ಭಾಗ ಅಥವಾ ಅದಕ್ಕಿಂತ ಕಡಿಮೆ. ಕೆಲವರಿಗೆ ಏನೂ ಅನಿಸುವುದಿಲ್ಲ, ಕೆಲವರಿಗೆ ಕಣ್ಣಿನ ಆಳದಲ್ಲಿ ಚುಚ್ಚಿದಂತೆ ನೋವಾಗುತ್ತದೆ. ನೋವಾದರೆ ತಲೆ ಹಿಂದಕ್ಕೆ ಎಳೆಯಬಾರದು, ಬಾಯಿಬಿಟ್ಟು ಹೇಳಬೇಕು. ವೈದ್ಯರು ನಿಲ್ಲಿಸಿ ಸುಧಾರಿಸಿಕೊಳ್ಳಲು ಬಿಡುತ್ತಾರೆ. ಮುಗಿದ ಮೇಲೆ ಸ್ವಲ್ಪ ಹೊತ್ತು ಎಲ್ಲವೂ ಕತ್ತಲಾದಂತೆ ಕಾಣುತ್ತದೆ, ಆ ಕ್ಷಣದಲ್ಲಿ ಅನೇಕರು ಗಾಬರಿಯಾಗುತ್ತಾರೆ. ಅದು ತಾನಾಗಿಯೇ ತಿಳಿಯಾಗುತ್ತದೆ. ಸಾಮಾನ್ಯವಾಗಿ ಆಸ್ಪತ್ರೆಯಲ್ಲಿ ಉಳಿಯಬೇಕಾಗಿಲ್ಲ, ಅದೇ ದಿನ ಮನೆಗೆ ಬರಬಹುದು.

ಹೊಸ ನಾಳಗಳು ಬೆಳೆದ ಕಣ್ಣಿಗೆ ಇಂತಹ ಸಾವಿರಕ್ಕೂ ಹೆಚ್ಚು ಚುಕ್ಕೆಗಳು ಬೇಕಾಗುತ್ತವೆ. ಆದ್ದರಿಂದ ಅನೇಕ ವೇಳೆ ಅದನ್ನು ಎರಡು ಮೂರು ಸರದಿಗಳಲ್ಲಿ ಮಾಡುತ್ತಾರೆ. ಪರದೆಯ ಅಂಚನ್ನು ಸುಟ್ಟು ನಡುವನ್ನು ಉಳಿಸುವುದು ಎಂದರೆ ವಿಚಿತ್ರವಾಗಿ ಕೇಳಿಸೀತು. ಆದರೆ ಬೋರ್‌ವೆಲ್ ನೀರು ಇಳಿದ ಬೇಸಿಗೆಯಲ್ಲಿ ತೋಟದವನು ಮಾಡುವುದೇನು? ಅಂಚಿನ ಸಾಲುಗಳಿಗೆ ನೀರು ನಿಲ್ಲಿಸಿ, ಇರುವಷ್ಟನ್ನು ಫಲ ಕೊಡುವ ಮರಗಳಿಗೆ ಹಾಯಿಸುತ್ತಾನೆ. ಅಂಚಿನ ಭಾಗದ ಆಮ್ಲಜನಕದ ಬೇಡಿಕೆ ತಗ್ಗಿದರೆ ಹೊಸ ನಾಳ ಬೆಳೆಸುವ ಒತ್ತಡವೂ ತಗ್ಗುತ್ತದೆ. ಅರ್ಧ ತೋಟಕ್ಕೆ ಮಾತ್ರ ಹೀಗೆ ಮಾಡಿ ಕೈಬಿಟ್ಟರೆ ಪ್ರಯೋಜನವೂ ಅರ್ಧವೇ.

ಬೆಳಕಿನಿಂದ ಅಕ್ಷಿಪಟಲಕ್ಕೆ ಚಿಕಿತ್ಸೆ ನೀಡಬಹುದೆಂಬ ಯೋಚನೆಗೆ ದಾರಿ ತೋರಿದ್ದು ಒಂದು ಗ್ರಹಣ. 1945ರ ಸೂರ್ಯಗ್ರಹಣವನ್ನು ಬರಿಗಣ್ಣಿನಿಂದ ನೋಡಿ ಅಕ್ಷಿಪಟಲ ಸುಟ್ಟುಕೊಂಡವರನ್ನು ಕಂಡ ಜರ್ಮನಿಯ ವೈದ್ಯ ಮೇಯರ್ ಶ್ವಿಕೆರಾತ್, ಅದೇ ಸುಡುವಿಕೆಯನ್ನು ಹತೋಟಿಯಲ್ಲಿಟ್ಟು ಬಳಸುವ ಪ್ರಯತ್ನ ಮಾಡಿದರು. 1960ರಲ್ಲಿ ಲೇಸರ್ ಬಂದ ಮೇಲೆ ಕೆಲಸ ಸುಲಭವಾಯಿತು. 1970ರ ದಶಕದಲ್ಲಿ ಅಮೆರಿಕದಲ್ಲಿ ನಡೆದ ದೊಡ್ಡ ಅಧ್ಯಯನವು, ಹೊಸ ನಾಳಗಳು ಬೆಳೆದ ಕಣ್ಣುಗಳಲ್ಲಿ ತೀವ್ರ ದೃಷ್ಟಿನಾಶದ ಅಪಾಯವನ್ನು ಈ ಚಿಕಿತ್ಸೆ ಅರ್ಧಕ್ಕಿಂತ ಹೆಚ್ಚು ತಗ್ಗಿಸುತ್ತದೆ ಎಂದು ತೋರಿಸಿತು. ಈಚಿನ ವರ್ಷಗಳಲ್ಲಿ ಕಣ್ಣೊಳಗೆ ಚುಚ್ಚುಮದ್ದು ಕೊಡುವ ಕ್ರಮವೂ ಇದೆ. ನಡುಭಾಗದ ಊತಕ್ಕೆ ಅದು ಬಹಳ ಉಪಯುಕ್ತ. ಆದರೆ ಆರಂಭದಲ್ಲಿ ತಿಂಗಳು ತಿಂಗಳು ಹೋಗಬೇಕು. ಹೊಸ ನಾಳಗಳ ಹಂತದಲ್ಲಿ ಚುಚ್ಚುಮದ್ದನ್ನು ಮಾತ್ರ ನಂಬಿ ನಡುವೆ ಬಿಟ್ಟವರಿಗೆ ಹೆಚ್ಚಿನ ಹಾನಿಯಾಗುತ್ತದೆ. ಬಸ್ಸಿಲ್ಲದ ಊರಿನ ಕೂಲಿಕಾರರಿಗೆ ಪೂರ್ಣಗೊಳಿಸಿದ ಲೇಸರ್ ಹೆಚ್ಚು ಭದ್ರವಾದುದು ಎಂಬುದನ್ನು ಮರೆಯಲಾಗದು. ಯಾವುದು ಬೇಕೆಂಬ ನಿರ್ಧಾರ ಮಾತ್ರ ನೇತ್ರತಜ್ಞರದು.

ಲೇಸರಿಗೆ ಬೆಲೆಯೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಕತ್ತಲಲ್ಲಿ ಕಾಣುವ ಶಕ್ತಿ ಕುಗ್ಗಬಹುದು, ಅಕ್ಕಪಕ್ಕದ ನೋಟ ಕಿರಿದಾಗಬಹುದು. ರಾತ್ರಿ ಕರೆಂಟ್ ಬಂದಾಗ ಪಂಪ್‌ಸೆಟ್ ಹಾಕಲು ಹೊಲಕ್ಕೆ ಹೋಗುವ ರೈತನಿಗೆ ಇದು ಸಣ್ಣ ಮಾತಲ್ಲ. ಎದುರು ಬರುವ ವಾಹನದ ಬೆಳಕು ಕಣ್ಣು ಕುಕ್ಕುವುದರಿಂದ ರಾತ್ರಿ ಬೈಕ್ ಬಿಡಬೇಕಾದೀತು. ಮಬ್ಬುಗಣ್ಣಿನವರಿಗೆ ಇನ್ಸುಲಿನ್ ಸಿರಿಂಜಿನ ಗೆರೆ ಕಾಣದು, ಅಂಗಾಲಿನ ಗಾಯ ಕಾಣದು. ಇವನ್ನು ಮನೆಯ ಮತ್ತೊಬ್ಬರು ದಿನವೂ ನೋಡಬೇಕು. ಸಕ್ಕರೆಯ ಜೊತೆಗೆ ರಕ್ತದೊತ್ತಡವೂ ಹತೋಟಿಯಲ್ಲಿರಬೇಕು, ಬೀಡಿ ಸಿಗರೇಟು ನಿಲ್ಲಬೇಕು. ಲೇಸರ್ ಆಯಿತೆಂದು ಮಾತ್ರೆ ಬಿಟ್ಟವರ ಕಣ್ಣು ಮತ್ತೆ ಕೆಡುತ್ತದೆ. ಸೊಪ್ಪಿನ ರಸ, ಜೇನುತುಪ್ಪ ಯಾವುದನ್ನೂ ಕಣ್ಣಿಗೆ ಹಾಕಬಾರದು.

ಪಂಚಾಯಿತಿಗೆ ಇಲ್ಲಿರುವ ಕೆಲಸ ದೊಡ್ಡ ಖರ್ಚಿನದಲ್ಲ. ಮೂವತ್ತು ವರ್ಷ ದಾಟಿದವರ ಸಕ್ಕರೆ ಮತ್ತು ರಕ್ತದೊತ್ತಡದ ತಪಾಸಣೆ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ನಡೆಯುತ್ತಿದೆ. ಮಧುಮೇಹಿಗಳು ಯಾರು ಎಂಬುದು ಆಶಾ ಕಾರ್ಯಕರ್ತೆಯರಿಗೂ ಸಮುದಾಯ ಆರೋಗ್ಯ ಅಧಿಕಾರಿಗೂ ಗೊತ್ತಿದೆ. ಅವರ ಪುಸ್ತಕದಲ್ಲಿ ಎರಡು ಕಾಲಂ ಸೇರಿಸಿದರೆ ಸಾಕು: ಹನಿ ಹಾಕಿ ಕಣ್ಣು ನೋಡಿದ ದಿನಾಂಕ, ಮುಂದಿನ ಸರದಿಯ ದಿನಾಂಕ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಎಷ್ಟು ಜನರ ದಿನಾಂಕ ಮೀರಿದೆ ಎಂಬುದನ್ನು ಮಾತ್ರ ಕೇಳಬೇಕು. ರೋಗಿಗಳ ಹೆಸರುಗಳನ್ನು ಗ್ರಾಮಸಭೆಯಲ್ಲಿ ಓದಬಾರದು. ಹಾಗೆ ಓದಿದರೆ ಮುಂದಿನ ವರ್ಷ ತಪಾಸಣೆಗೇ ಜನ ಬಾರದೆ ಹೋದಾರು. ದಿನಾಂಕ ಮೀರಿದವರ ಮನೆಗೆ ಆಶಾ ಕಾರ್ಯಕರ್ತೆ ಹೋಗುವಾಗ ವಾರ್ಡಿನ ಸದಸ್ಯರೂ ಒಂದು ಮಾತು ಹೇಳಿದರೆ ಅದರ ತೂಕವೇ ಬೇರೆ.

ಜಿಲ್ಲಾ ಆಸ್ಪತ್ರೆಗೆ ಒಂದೇ ದಿನ ಐದಾರು ಜನರನ್ನು ಒಟ್ಟಾಗಿ ಕಳುಹಿಸಿದರೆ ಜೊತೆಗೆ ಹೋಗುವವರು ಇಬ್ಬರು ಸಾಕು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಕಾರ್ಡು, ಪಡಿತರ ಚೀಟಿ, ಆಧಾರ್, ಶಿಫಾರಸು ಪತ್ರ ಮತ್ತು ಹಳೆಯ ಚೀಟಿಗಳನ್ನು ಒಯ್ಯಬೇಕು. ಯಾವ ಚಿಕಿತ್ಸೆಗೆ ಎಷ್ಟು ನೆರವು ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಹೊರಡುವ ಮುನ್ನ ಊಟ, ಮಾತ್ರೆ ತಪ್ಪಿಸಬಾರದು. ಆಸ್ಪತ್ರೆಯ ಸಾಲಿನಲ್ಲಿ ಸಕ್ಕರೆ ಇಳಿದು ಕುಸಿದವರಿದ್ದಾರೆ. ಮೊದಲ ಸರದಿ ಮುಗಿಸಿ ಬಂದವರ ಕೈಯಲ್ಲಿರುವ ಚೀಟಿಯನ್ನು ಅದೇ ವಾರ ನೋಡಿ, ಎರಡನೆಯ ದಿನಾಂಕವನ್ನು ಪುಸ್ತಕಕ್ಕೆ ಇಳಿಸಿಕೊಳ್ಳಬೇಕು. ಆ ದಿನಾಂಕ ಊರ ಜಾತ್ರೆಯ ದಿನವೇ ಆಗಿದ್ದರೆ ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ, ಸಾಧ್ಯವಾದರೆ ಎರಡು ದಿನ ಮುಂಚೆಯೇ ಕಳುಹಿಸಬೇಕು.