ಮುಗಿಯಲಿಕ್ಕೆ ಬಲ್ಲ ಕಥೆಗಳು



ಹುಬ್ಬಳ್ಳಿ-ಧಾರವಾಡದ ಈ ಪುಸ್ತಕ ಮೇಳದಲ್ಲಿ ಉದ್ಘಾಟಕರು ಹೆಚ್ಚು ಮಾತಾಡಿದಷ್ಟೂ ಮಳಿಗೆಗಳ ವ್ಯಾಪಾರಕ್ಕೆ ಪೆಟ್ಟು. ಹಾಗಾಗಿ ಒಂದೇ ವಿಷಯ ಹೇಳುತ್ತೇನೆ.

ಕಾದಂಬರಿ ಬರೆದು, ಅಚ್ಚು ಹಾಕಿಸಿ, ಗಂಟು ಹೊತ್ತು ಊರೂರು ಅಲೆದು ಮಾರಿದ ಗಳಗನಾಥರ ಸೀಮೆ ಇದು. ಅವರಿಗೆ ಓದುಗರನ್ನು ಹುಡುಕುವುದೇ ಕಷ್ಟವಾಗಿತ್ತು. ಇಂದು ಕಥೆ ಬೇಕೆನ್ನುವವರಿಗೆ ಬರವಿಲ್ಲ. ಸಂಜೆಯಾದರೆ ಮನೆಮನೆಯಲ್ಲೂ ಟಿ.ವಿ. ಮುಂದೆ ಜನ ಕೂತಿರುತ್ತಾರೆ. ಆದ್ದರಿಂದ ಇಂಥ ಮೇಳಗಳಲ್ಲಿ ಒಂದು ಪ್ರಶ್ನೆ ಏಳುವುದು ಸಹಜ: ಕನ್ನಡದಲ್ಲಿ ಇಷ್ಟೊಂದು ಕಾದಂಬರಿಗಳಿರುವಾಗ ಅವನ್ನೇ ಯಾಕೆ ಧಾರಾವಾಹಿ ಮಾಡಬಾರದು?

ಮಾಡಬಹುದು. ಆದರೆ ದೊಡ್ಡ ಪುಸ್ತಕವೆಲ್ಲ ಧಾರಾವಾಹಿಗೆ ಸರಿ ಎಂಬ ಲೆಕ್ಕ ತಪ್ಪು. ನಾನು ಮೊದಲು ನೋಡುವುದು ಆ ಕಥೆಗೆ ಮುಗಿಯಲಿಕ್ಕೆ ಬರುತ್ತದೆಯೇ ಎಂದು.

‘ಮಾಲ್ಗುಡಿ ಡೇಸ್’ ನೆನಪು ಮಾಡಿಕೊಳ್ಳಿ. 1986ರಲ್ಲಿ ಶಂಕರ್‌ನಾಗ್ ಆಗುಂಬೆಯನ್ನೇ ಮಾಲ್ಗುಡಿ ಮಾಡಿದರು. ಮಾಸ್ಟರ್ ಮಂಜುನಾಥ್ ಸ್ವಾಮಿಯಾದ, ನಮ್ಮ ಧಾರವಾಡದ ಗಿರೀಶ ಕಾರ್ನಾಡರು ಅವನ ಅಪ್ಪನಾದರು. ದೂರದರ್ಶನ ಆಗ 13 ಕಂತುಗಳ ಲೆಕ್ಕದಲ್ಲಿ ಧಾರಾವಾಹಿ ಒಪ್ಪುತ್ತಿದ್ದ ಕಾಲ. ಕಥೆ ಎಳೆಯಲಿಕ್ಕೆ ಜಾಗವೇ ಇರಲಿಲ್ಲ. ಆರ್.ಕೆ. ನಾರಾಯಣ್ ಅವರ ಸ್ವಾಮಿಯ ಕಾದಂಬರಿ ಹೇಗೆ ಮುಗಿಯುತ್ತದೆ? ಮುನಿಸಿಕೊಂಡ ಗೆಳೆಯ ರಾಜಂ ಊರು ಬಿಡುತ್ತಾನೆ. ರೈಲು ಹೊರಟ ಮೇಲೆ ಸ್ವಾಮಿ ತಂದ ಪುಸ್ತಕ ಹೇಗೋ ಅವನ ಕೈಸೇರುತ್ತದೆ. ಅವನು ಕ್ಷಮಿಸಿದನೇ ಇಲ್ಲವೇ ಎಂಬುದು ಸ್ವಾಮಿಗೂ ತಿಳಿಯುವುದಿಲ್ಲ, ನಮಗೂ ತಿಳಿಯುವುದಿಲ್ಲ. ಇಂದಿನ ದೈನಿಕ ಧಾರಾವಾಹಿಯಾಗಿದ್ದರೆ ರಾಜಂ ಮುಂದಿನ ಸ್ಟೇಷನ್ನಿನಲ್ಲೇ ಇಳಿದು ವಾಪಸ್ ಬರುತ್ತಿದ್ದ. ಟಿ.ಆರ್.ಪಿ. ಚೆನ್ನಾಗಿದ್ದರೆ ಜೊತೆಗೊಬ್ಬ ಅವಳಿ ತಮ್ಮನನ್ನೂ ಕರೆತರುತ್ತಿದ್ದ.

ಭೈರಪ್ಪನವರ ‘ಗೃಹಭಂಗ’ವನ್ನು ಗಿರೀಶ ಕಾಸರವಳ್ಳಿಯವರು ಧಾರಾವಾಹಿ ಮಾಡಿದರು. ನಂಜಮ್ಮನ ಬಾಳು ಎರಡೂವರೆ ತಾಸಿನ ಸಿನಿಮಾಕ್ಕೆ ಒಗ್ಗುವಂಥದ್ದಲ್ಲ. ಗಂಡ ಮಾಡಬೇಕಾದ ಶಾನುಭೋಗಿಕೆಯ ಲೆಕ್ಕ ಇವಳು ಬರೆಯಬೇಕು, ಮುತ್ತುಗದ ಎಲೆ ಹಚ್ಚಿ ನಾಲ್ಕು ಕಾಸು ಕೂಡಿಸಬೇಕು, ಅತ್ತೆಯ ಬೈಗುಳ ಕೇಳಬೇಕು. ನಾಳೆ ಎದ್ದು ಮತ್ತೆ ಅದನ್ನೇ ಮಾಡಬೇಕು. ಆ ‘ಮತ್ತೆ ಅದನ್ನೇ’ ಎಂಬುದರ ಭಾರ ಕಂತು ಕಂತಾಗಿ ನೋಡಿದಾಗಲೇ ಎದೆಗೆ ಇಳಿಯುವುದು. ಕೊನೆಗೆ ಪ್ಲೇಗು ಬರುತ್ತದೆ, ಮಕ್ಕಳನ್ನು ಒಯ್ಯುತ್ತದೆ, ಅವಳನ್ನೂ ಬಿಡುವುದಿಲ್ಲ. ವೀಕ್ಷಕರಿಗೆ ಬೇಸರವಾದೀತೆಂದು ನಂಜಮ್ಮನನ್ನು ಬದುಕಿಸಿಬಿಟ್ಟರೆ ಆ ಕಾದಂಬರಿಯಲ್ಲಿ ಉಳಿಯುವುದೇನು?

ಸರಣಿಯೆಂದರೆ ತರಾಸು ಅವರನ್ನು ಬಿಡುವ ಹಾಗಿಲ್ಲ. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ‘ನಾಗರಹಾವು’ ಮಾಡಿದರು. ಜನ ತಲೆಯ ಮೇಲೆ ಹೊತ್ತರು. ಲೇಖಕರಿಗೆ ಮಾತ್ರ ಹಿಡಿಸಲಿಲ್ಲ. ಮೂರು ಪುಸ್ತಕ ಒಂದು ಸಿನಿಮಾದಲ್ಲಿ ಇಕ್ಕಟ್ಟಾದರೆ ಏನಾದರೂ ಹೊರಗೆ ಉಳಿಯಲೇಬೇಕು. ‘ಕಂಬನಿಯ ಕುಯಿಲಿ’ನಿಂದ ‘ದುರ್ಗಾಸ್ತಮಾನ’ದವರೆಗಿನ ಅವರ ಚಿತ್ರದುರ್ಗದ ಕಾದಂಬರಿಗಳಿಗೆ ಇವತ್ತಿನ ವೆಬ್ ಸರಣಿಯೇ ತಕ್ಕ ಜಾಗ. 1779ರಲ್ಲಿ ದುರ್ಗ ಹೈದರಾಲಿಯ ಪಾಲಾಗುವುದು ಎಲ್ಲರಿಗೂ ಗೊತ್ತು. ಅದು ಗೊತ್ತಿದ್ದೂ ಮದಕರಿ ನಾಯಕನ ಜೊತೆಗೆ ಕೋಟೆಯೊಳಗೆ ಕೂರುವುದೇ ಅಲ್ಲಿಯ ಸ್ವಾರಸ್ಯ.

ಪತ್ತೇದಾರಿ ಕಥೆಗಳನ್ನು ಕೀಳಾಗಿ ಕಾಣಬೇಡಿ. ಐನೂರಕ್ಕೂ ಹೆಚ್ಚು ಕಾದಂಬರಿ ಬರೆದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಟಿ.ವಿ.ಗೆ ಹೇಳಿ ಮಾಡಿಸಿದ ಆಸಾಮಿ: ಪ್ರತಿ ಪ್ರಕರಣವೂ ಮುಗಿಯುತ್ತದೆ, ಪುರುಷೋತ್ತಮ ಮಾತ್ರ ಮುಗಿಯುವುದಿಲ್ಲ.

ಒಗ್ಗದ ಪುಸ್ತಕಗಳೂ ಇವೆ. ಚಿತ್ತಾಲರ ‘ಶಿಕಾರಿ’ ನಡೆಯುವುದು ಹೆಚ್ಚಾಗಿ ನಾಗನಾಥನ ತಲೆಯೊಳಗೆ. ಕ್ಯಾಮರಾ ಹೊರಗೇ ನಿಂತುಬಿಡುತ್ತದೆ. ತೇಜಸ್ವಿಯವರ ‘ಕರ್ವಾಲೊ’ದ ಹಾರುವ ಓತಿಯನ್ನು ಕಂಪ್ಯೂಟರಿನಲ್ಲಿ ಸಲೀಸಾಗಿ ಹಾರಿಸಬಹುದು, ಆದರೆ ನಿರೂಪಕನ ಆ ತುಂಟ ದನಿಯನ್ನು ಯಾರ ಬಾಯಲ್ಲಿ ಆಡಿಸುತ್ತೀರಿ? ‘ಮಲೆಗಳಲ್ಲಿ ಮದುಮಗಳು’ ಕೂಡ ಹಾಗೇ, ಯಾರ ಕೈಗೂ ಸಿಗದ ಕಾದಂಬರಿ ಎನ್ನುತ್ತಿದ್ದರು. ಮೈಸೂರಿನಲ್ಲಿ ಸಿ. ಬಸವಲಿಂಗಯ್ಯನವರು ಅದನ್ನು ರಾತ್ರಿಯಿಡೀ ಆಡಿಸಿದರು, ಜನ ಬೆಳಗಿನವರೆಗೆ ಕೂತರು. ಬೆಳಗಾದರೆ ಮುಗಿಯುತ್ತದೆಂಬ ಭರವಸೆಯಿದ್ದರೆ ಕನ್ನಡಿಗರು ಎಷ್ಟು ಹೊತ್ತಾದರೂ ಕೂರುತ್ತಾರೆ.

ನನ್ನದೊಂದು ಆಸೆಯಿದೆ. ರಾವಬಹಾದ್ದೂರರ ‘ಗ್ರಾಮಾಯಣ’ ತೆರೆಗೆ ಬರಬೇಕು. ಅದರಲ್ಲಿ ನಾಯಕನಿಲ್ಲ, ನಮ್ಮ ಕಡೆಯ ಮಾತಾಡುವ ಇಡೀ ಒಂದು ಊರೇ ಇದೆ. ಧಾರಾವಾಹಿಗಳಲ್ಲಿ ನಮ್ಮ ಕಡೆಯ ಮಾತು ಕೇಳಿಸುವುದು ಬಹುಮಟ್ಟಿಗೆ ನಗಿಸಲಿಕ್ಕೆ. ನಮ್ಮವರು ಅಳುವುದು, ಜಗಳಾಡುವುದು, ಹೊಲಮನೆಯ ಚಿಂತೆ ಮಾಡುವುದು ಇದೇ ಮಾತಿನಲ್ಲಿ ಎಂಬುದನ್ನು ನಾಡೆಲ್ಲ ಒಮ್ಮೆ ನೋಡಲಿ.

ಪ್ರಕಾಶಕ ಗೆಳೆಯರಿಗೆ, ಲೇಖಕರಿಗೆ ಒಂದು ಕಿವಿಮಾತು. ನಾಳೆ ಯಾವುದೋ ವಾಹಿನಿಯವರು ನಿಮ್ಮ ಕಾದಂಬರಿಯ ಹಕ್ಕು ಕೇಳಿಕೊಂಡು ಬಂದರೆ ದುಡ್ಡಿನ ಮಾತು ಆಮೇಲೆ ಆಡಿ. ಎಷ್ಟು ಕಂತಿಗೆ ಮುಗಿಸುತ್ತೀರಿ ಎಂದು ಮೊದಲು ಕೇಳಿ, ಅದನ್ನು ಕರಾರಿನಲ್ಲಿ ಬರೆಸಿಕೊಳ್ಳಿ. ಕೊನೆಯ ಅಧ್ಯಾಯ ಬದಲಿಸುವಂತಿಲ್ಲ ಎಂಬ ಸಾಲನ್ನೂ ಸೇರಿಸಿ, ಆಮೇಲೆ ಸಹಿ ಹಾಕಿ.

ಉಳಿದವರು ಧಾರಾವಾಹಿ ಬರುವವರೆಗೆ ಕಾಯಬೇಕಿಲ್ಲ. ನಾನು ಹೆಸರಿಸಿದ ಪುಸ್ತಕಗಳನ್ನು ಮಳಿಗೆಗಳಲ್ಲಿ ಕೇಳಿ ನೋಡಿ. ಮೇಳ ಉದ್ಘಾಟನೆಯಾಗಿದೆ ಎಂದು ಸಂತೋಷದಿಂದ ಘೋಷಿಸುತ್ತೇನೆ.