ಅಟ್ಟ ಹತ್ತಿದ ಹಾವು



ಹೋದ ಮಳೆಗಾಲದಲ್ಲಿ ರಾಗಿ ಪೈರು ನೋಡಲು ಒಂದು ಹಳ್ಳಿಗೆ ಹೋಗಿದ್ದೆ. ಆ ಮನೆಯ ತಾಯಿ ಹೇಳಿದರು: “ಅಟ್ಟದ ತೊಲೆ ಮೇಲೆ ಮಾರುದ್ದದ ಹಾವು ಕಂಡ್ವಿ ಸ್ವಾಮಿ. ಮೈಮೇಲೆ ಬಿದ್ದೀತು ಅಂತ ಮಂಚ ಬಿಟ್ಟು, ಮಕ್ಕಳನ್ನ ಕಟ್ಟಿಕೊಂಡು ಪಡಸಾಲೇಲಿ ನೆಲದ ಮೇಲೆ ಮಲಗ್ತಾ ಇದೀವಿ.” ನನಗೆ ಹೆದರಿಕೆಯಾದದ್ದು ಅಟ್ಟದ ಹಾವಿಗಲ್ಲ, ನೆಲದ ಹಾಸಿಗೆಗೆ!

ಅವರು ಕಂಡದ್ದು ಕೇರೆಹಾವು. ಅದಕ್ಕೆ ವಿಷವಿಲ್ಲ. ಇಲಿಯ ಜಾಡು ಹಿಡಿದು ಮರ, ಸೂರು, ಅಟ್ಟ ಹತ್ತುತ್ತದೆ. ಗೋಡೆ ಹತ್ತುವ ತೋಳಹಾವು ಹಲ್ಲಿ ತಿಂದು ಬದುಕುವ ಚಿಕ್ಕ ಹಾವು; ಅದಕ್ಕೂ ವಿಷವಿಲ್ಲ. ಬೇಲಿಯ ಹಸಿರುಹಾವು ಕಣ್ಣನ್ನೇ ಹುಡುಕಿ ಕುಕ್ಕುತ್ತದೆ ಎಂಬುದು ಬರಿಯ ಮಾತು.

ಪ್ರಾಣಕ್ಕೆ ಬರುವುದು ಕಟ್ಟುಹಾವು. ಕೆಲವು ಕಡೆ ಕಡಂಬಳ ಎನ್ನುತ್ತಾರೆ. ಕಪ್ಪು ಮೈ, ಸಣ್ಣ ಬಿಳಿ ಪಟ್ಟೆ. ಇರುಳಿನಲ್ಲಿ ಹರಿದಾಡುತ್ತದೆ. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುವುದುಂಟು. ನೋವೂ ಬಾವೂ ಅಷ್ಟಾಗಿ ಇರುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು ಬರಬಹುದು, ಕಣ್ಣಿನ ರೆಪ್ಪೆ ಜೋಲುತ್ತದೆ, ಆಮೇಲೆ ಉಸಿರಾಟ ನಿಲ್ಲುತ್ತದೆ. ತೋಳಹಾವಿಗೂ ಪಟ್ಟೆಯಿರುವುದರಿಂದ ತಿಳಿದವರೂ ಮೋಸಹೋಗುತ್ತಾರೆ. ಆದ್ದರಿಂದ ಪಟ್ಟೆಯ ಹಾವು ಗೋಡೆಯಲ್ಲಿರಲಿ, ನೆಲದಲ್ಲಿರಲಿ, ಕೈ ಹಾಕಬೇಡಿ.

ಹಾಗಾದರೆ ಮಾಡಬೇಕಾದದ್ದೇನು? ಕಾಳು ಚೆಲ್ಲದಂತೆ ಮುಚ್ಚಿಡಿ. ಇಲಿ ಇಲ್ಲದ ಮನೆಗೆ ಕೇರೆಗೆ ಕೆಲಸವಿಲ್ಲ. ಸೂರಿಗೆ ತಾಗುವ ಕೊಂಬೆ ಕಡಿಯಿರಿ. ಸೌದೆಯನ್ನು ಗೋಡೆಗೆ ಒತ್ತಿ ಒಟ್ಟಬೇಡಿ. ಬಚ್ಚಲ ಕಂಡಿಗೆ ಜಾಲರಿ ಹಾಕಿ. ಮಂಚದ ಮೇಲೆ ಮಲಗಿ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ. ಕತ್ತಲಲ್ಲಿ ಬ್ಯಾಟರಿ ಇಲ್ಲದೆ ಕಾಲಿಡಬೇಡಿ. ಹಾವನ್ನು ಕೊಲ್ಲಲೂ ಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಅಲ್ಲದೆ, ಕೇರೆ ಸತ್ತರೆ ಇಲಿಗೆ ಹಬ್ಬ.

ಯಾವುದೇ ಹಾವು ಕಚ್ಚಿದರೂ ಕೊಯ್ಯಬೇಡಿ, ಬಿಗಿದು ಕಟ್ಟಬೇಡಿ, ಮಂತ್ರಕ್ಕೆಂದು ಹೊತ್ತು ಕಳೆಯಬೇಡಿ. ಕೈಕಾಲು ಅಲುಗದಂತೆ ದಬ್ಬೆ ಕಟ್ಟಿ, 108ಕ್ಕೆ ಫೋನು ಮಾಡಿ, ಆಸ್ಪತ್ರೆಗೆ ಒಯ್ಯಿರಿ. ಹಾವು ಹಿಡಿದು ತರಬೇಕಾಗಿಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ ಚುಚ್ಚುಮದ್ದು. ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ನಮ್ಮ ರಾಜ್ಯ 2024ರಲ್ಲಿ ಗೊತ್ತುಪಡಿಸಿದೆ.

ಆ ತಾಯಿ ಅಂದೇ ಮಕ್ಕಳನ್ನು ಮತ್ತೆ ಮಂಚಕ್ಕೆ ಹತ್ತಿಸಿದರು. ನಿಮ್ಮ ಮನೆಯ ಮಕ್ಕಳು ಇವತ್ತು ಎಲ್ಲಿ ಮಲಗುತ್ತಾರೆ, ಒಮ್ಮೆ ನೋಡಿಕೊಳ್ಳಿ.